ಒಂಟೆ ಕೂದಲಿನ ನೊಣ

ನಮ್ಮ ಕಡೆ ಕೆಲಸವಿಲ್ಲದೆ ಕೂತವನನ್ನು ನೊಣ ಹೊಡೆಯುತ್ತಿದ್ದಾನೆ ಎನ್ನುತ್ತಾರೆ. ನೊಣ ಕಟ್ಟುತ್ತಾ ಕೂತವನನ್ನು ಏನೆನ್ನಬೇಕೋ ನನಗೆ ಗೊತ್ತಿರಲಿಲ್ಲ. ಅಂಥ ಮನುಷ್ಯನನ್ನು ನಾನು ಮೊದಲು ನೋಡಿದ್ದು ಬಹ್ರೇನಿನಲ್ಲಿ, ಸಲ್ಮಾಬಾದಿನ ನಮ್ಮ ಕಂಪನಿಯಲ್ಲಿ, ರಂಜಾನ್ ತಿಂಗಳ ಒಂದು ಮಧ್ಯಾಹ್ನ.

ನಮ್ಮದು ಏಸಿಯ ಗಾಳಿ ಹರಿಯುವ ತಗಡಿನ ಡಕ್ಟ್ ಮಾಡುವ ಕಂಪನಿ. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ವರ್ಕ್‌ಶಾಪಿನ ಮ್ಯಾನೇಜರ್ ಸ್ಕಾಟ್ಲೆಂಡಿನವರು. ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರ, ತಗಡು ಕತ್ತರಿಸುವ ಮೆಷಿನ್ ಓಡುತ್ತಿದ್ದರೂ ಆಚೆ ಕೊನೆಗೆ ಕೇಳಿಸುವ ಸ್ವರ. ಅವರು ಬೈದರೆ ಅರ್ಧ ಜನರಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ಎಲ್ಲರೂ ಹೆದರುತ್ತಿದ್ದರು. ಅವತ್ತು ಊಟದ ಬಿಡುವಿನಲ್ಲಿ ಒಂದು ಡೆಲಿವರಿ ನೋಟಿಗೆ ಸಹಿ ಬೇಕೆಂದು ನಾನು ಅವರ ಕೋಣೆಯ ಬಾಗಿಲು ತಳ್ಳಿದೆ. ಅವರು ಭೂತಗನ್ನಡಿಯ ದೀಪದ ಕೆಳಗೆ ಮೂಗು ತೂರಿಸಿ ಕೂತಿದ್ದರು. ಮೇಜಿನ ಅಂಚಿಗೆ ಸಾಮಾನು ಕಚ್ಚಿ ಹಿಡಿಯುವ ಸಣ್ಣ ವೈಸ್ ಒಂದನ್ನು ಬಿಗಿದಿದ್ದರು. ವೈಸಿನ ಬಾಯಲ್ಲಿ ಒಂದು ನೊಣ.

ಬಿಸಿಲು ತಲೆಗೆ ಏರಿತು ಎಂದುಕೊಂಡೆ. ಕೊಲ್ಲಿ ದೇಶದಲ್ಲಿ ಬಹಳ ವರ್ಷ ಒಬ್ಬರೇ ಇದ್ದವರಿಗೆ ಏನೇನೋ ಆಗುವುದನ್ನು ನಾನು ಕಂಡಿದ್ದೆ. ಒಬ್ಬರು ಪಾರಿವಾಳಗಳಿಗೆ ಹಾಜರಿ ಕರೆಯುತ್ತಿದ್ದರು. ಇವರು ನೊಣವನ್ನು ವೈಸಿಗೆ ಬಿಗಿದು ವಿಚಾರಣೆ ಮಾಡುವ ಮಟ್ಟಕ್ಕೆ ಹೋದರಲ್ಲ ಎಂದು ಮೆಲ್ಲ ಹಿಂದೆ ಸರಿದೆ.

"ಬಾಗಿಲು ಹಾಕು," ಎಂದರು ಅವರು ತಲೆಯೆತ್ತದೆ. "ಗಾಳಿಗೆ ಗರಿ ಹಾರುತ್ತದೆ."

ಹೊರಗಿದ್ದುಕೊಂಡು ಹಾಕಬೇಕೋ ಒಳಗೆ ಬಂದು ಹಾಕಬೇಕೋ ತಿಳಿಯದೆ ಒಳಗೆ ಬಂದು ಹಾಕಿದೆ. ಅಲ್ಲಿಂದ ನನ್ನ ಕಷ್ಟ ಶುರುವಾಯಿತು.

ಹತ್ತಿರ ಹೋಗಿ ನೋಡಿದರೆ ಅದು ನೊಣವಲ್ಲ. ಅಕ್ಕಿಕಾಳಿನಷ್ಟು ಗಾಳ, ಅದಕ್ಕೆ ದಾರ ಸುತ್ತಿ, ಮೊಲದ ತುಪ್ಪಳ ಹಚ್ಚಿ, ಕೋಳಿಯ ಕತ್ತಿನ ಗರಿ ಸುತ್ತಿ, ಮೇಲೆ ಜಿಂಕೆಯ ಕೂದಲನ್ನು ರೆಕ್ಕೆಯಂತೆ ಕಟ್ಟಿದ್ದರು. ಇದು ಕ್ಯಾಡಿಸ್ ಎಂಬ ಹುಳದ ನಕಲು, ಟ್ರೌಟ್ ಮೀನಿಗೆ ಅದೆಂದರೆ ಪ್ರಾಣ ಎಂದು ಅವರು ವಿವರಿಸಿದರು. ತಣ್ಣಗಿನ ಹೊಳೆಯ ತಳದಲ್ಲಿ ಆ ಹುಳ ಹುಟ್ಟುತ್ತದೆ. ಮರಿಯಾಗಿದ್ದಾಗ ಮರಳು, ಕಡ್ಡಿಚೂರು ಅಂಟಿಸಿಕೊಂಡು ತನಗೊಂದು ಕೊಳವೆ ಕಟ್ಟಿ ಅದರೊಳಗೇ ಇರುತ್ತದೆ. ಬೆಳೆದ ಮೇಲೆ ಈಜಿ ಮೇಲಕ್ಕೆ ಬಂದು, ರೆಕ್ಕೆ ಬಿಡಿಸಿ ಹಾರುತ್ತದೆ. ಆ ರೆಕ್ಕೆ ನಮ್ಮೂರಿನ ಹೆಂಚಿನ ಮಾಡಿನ ಹಾಗೆ ಎರಡೂ ಕಡೆ ಇಳಿಜಾರು. ಮೀನು ಅದನ್ನು ಕಂಡರೆ ಹಾರಿ ಹಿಡಿಯುತ್ತದೆ. ಹಾರಿ ಹಿಡಿದದ್ದು ನಕಲಿ ಎಂದು ತಿಳಿಯುವಷ್ಟರಲ್ಲಿ ಮೀನಿನ ಕತೆ ಮುಗಿದಿರುತ್ತದೆ.

"ಬಹ್ರೇನಿನಲ್ಲಿ ಟ್ರೌಟ್ ಉಂಟಾ ಸರ್?" ಎಂದು ಕೇಳಿದೆ.

"ಇಲ್ಲ."

"ಹೊಳೆ?"

"ಅದೂ ಇಲ್ಲ," ಎಂದರು ಬೇಸರದಿಂದ. "ಅದಕ್ಕೇ ಕಟ್ಟುವುದಕ್ಕೆ ಇಷ್ಟು ಸಮಯ ಸಿಗುವುದು."

ರಂಜಾನಿನಲ್ಲಿ ಉಪವಾಸ ಇಲ್ಲದವರೂ ಎಲ್ಲರೆದುರು ತಿನ್ನುವ ಹಾಗಿಲ್ಲ. ಕಿರಿಸ್ತಾನರಾದ ನಮಗೆ ಪ್ಯಾಂಟ್ರಿಯ ಬಾಗಿಲು ಹಾಕಿಕೊಂಡು ಗಬಗಬ ಉಂಡು ಬಂದರೆ ಉಳಿದ ಬಿಡುವೆಲ್ಲ ಖಾಲಿ. ಹಾಗಾಗಿ ನಾನು ದಿನವೂ ಅವರ ಕೋಣೆಗೆ ಹೋಗಿ ನಿಲ್ಲತೊಡಗಿದೆ. ಕೆಲವು ದಿನ ಬಿಟ್ಟು ಅವರು ಕುರ್ಚಿ ತೋರಿಸಿದರು. ಮತ್ತೆ ಕೆಲವು ದಿನಕ್ಕೆ ದಾರ ಕೊಟ್ಟರು. ನಾನು ಕಟ್ಟಿದ ಮೊದಲನೆಯ ನೊಣ ಸಿಂಕಿನ ಜಾಲರಿಯಿಂದ ಎಳೆದು ತೆಗೆದ ವಸ್ತುವಿನ ಹಾಗಿತ್ತು. ಅವರು ಅದನ್ನು ದೀಪದ ಕೆಳಗೆ ಹಿಡಿದು, ತಿರುಗಿಸಿ, ಇನ್ನೊಂದು ಕಡೆಯಿಂದ ನೋಡಿ ನಿಟ್ಟುಸಿರು ಬಿಟ್ಟರು.

"ಮೀನು ತಿನ್ನಬಹುದು," ಎಂದರು. "ಕನಿಕರದಿಂದ."

ನನಗೆ ಹಟ ಬಂತು. ಬೊಜ್ಜು ಇಳಿಸಬೇಕೆಂದು ಬರದ ಹಟ, ಅರಬಿ ಕಲಿಯಬೇಕೆಂದು ಬರದ ಹಟ, ಈ ನೊಣದ ವಿಷಯದಲ್ಲಿ ಬಂತು. ಅವರ ಹಳೆಯ ವೈಸನ್ನು ಕೇಳಿ ಇಸಿದುಕೊಂಡೆ. ಆದರೆ ಮನೆಗೆ ಒಯ್ಯುವ ಧೈರ್ಯವಾಗಲಿಲ್ಲ. ಸ್ಟೋರಿನ ಮೂಲೆಯಲ್ಲೇ ಬಿಗಿದು, ಸಾಮಾನು ಮಾತ್ರ ಊಟದ ಚೀಲದಲ್ಲಿ ಓಡಾಡಿಸುತ್ತಿದ್ದೆ.

ನಮ್ಮ ಮನೆ ಜಿಂಜ್‌ನಲ್ಲಿ. ಹೆಂಡತಿ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್. ಯಾವುದನ್ನೂ ಎಣಿಸದೆ ಒಳಗೆ ಬಿಡುವವಳಲ್ಲ, ಎಣಿಸದೆ ಹೊರಗೆ ಕಳಿಸುವವಳೂ ಅಲ್ಲ. ಮನೆಯಲ್ಲಿ ನಾವಾಡುವುದು ಕೊಂಕಣಿ. ಅದನ್ನು ಇಲ್ಲಿ ನಮ್ಮ ಮಂಗಳೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಸಂಜೆ ಅವಳು ಊಟದ ಡಬ್ಬಿ ತೊಳೆಯಲೆಂದು ನನ್ನ ಚೀಲ ತೆಗೆದಳು. ಆಮೇಲೆ ನನ್ನನ್ನು ಕರೆದು ಕೂರಿಸಿದಳು. ಊಟದ ಮೇಜಿನ ಮೇಲೆ ಟಿಶ್ಯೂ ಹಾಸಿ ಅದರ ಮೇಲೆ ಸಾಲಾಗಿ ಇಟ್ಟಿದ್ದಳು: ಕೋಳಿಯ ಗರಿ, ಚಿಟಿಕೆ ತುಪ್ಪಳ, ಅವಳದೇ ಕಾಣೆಯಾಗಿದ್ದ ನೈಲ್ ಪಾಲಿಷ್.

"ಹೇಳಿ," ಎಂದಳು.

"ಅದು ಗಂಟು ಬಿಚ್ಚಿಕೊಳ್ಳದ ಹಾಗೆ ಹಚ್ಚುವುದಕ್ಕೆ."

"ಯಾವುದರ ಗಂಟು?"

"ನೊಣದ್ದು."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. "ನಿದ್ರೆ ಸರಿ ಬರ್ತದಾ?" ಎಂದು ಕೇಳಿದಳು. ಬೇರೆ ಹೆಂಗಸರಾದರೆ ನೈಲ್ ಪಾಲಿಷ್ ಕಂಡು ಬೇರೆಯೇ ಅನುಮಾನ ಪಡುತ್ತಿದ್ದರು. ಇವಳಿಗೆ ಅಂಥ ಅನುಮಾನ ಹತ್ತಿರವೂ ಸುಳಿಯಲಿಲ್ಲ. ನನಗೆ ಸ್ವಲ್ಪ ಅವಮಾನವೇ ಆಯಿತು.

ಮರುದಿನ ಒಂದು ನೊಣವನ್ನು ತಂದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. "ಈ ಗಂಟು ಯಾರು ಹಾಕಿದ್ದು? ಇಷ್ಟು ಸಡಿಲ ಗಂಟು ಹಾಕಿದರೆ ನಮ್ಮ ಸರ್ಜನ್ ಟ್ರೇ ಎತ್ತಿ ಬಿಸಾಡ್ತಿದ್ರು," ಎಂದು ಹೇಳಿ ಡ್ಯೂಟಿಗೆ ಹೋದಳು. ಹುಚ್ಚಲ್ಲ ಎಂದು ಖಾತ್ರಿಯಾಯಿತು ಎಂದು ನಾನು ತಿಳಿದುಕೊಂಡೆ. ವೈಸ್ ಮನೆಗೆ ಬಂತು.

ಸಾಮಾನಿಗೆ ನನಗಿದ್ದ ಒಂದೇ ಆಸರೆ ಮುಹರ್ರಕ್ ಮಾರ್ಕೆಟಿನ ಹಾಜಿಯವರು. ಉಳ್ಳಾಲದ ಕಡೆಯ ಬ್ಯಾರಿ, ಹಜ್ ಮಾಡಿ ಬಂದ ಮೇಲೆ ಎಲ್ಲರಿಗೂ ಹಾಜಿಯವರೇ ಆಗಿದ್ದರು. ಅವರದು ಮೀನು ಹಿಡಿಯುವ ಸಾಮಾನಿನ ಅಂಗಡಿ. ಬಲೆ, ಹಗ್ಗ, ಸೀಸದ ಗುಂಡು, ಇಲ್ಲಿಯವರು ಗರ್ಗೂರ್ ಎನ್ನುವ ತಂತಿಯ ಬುಟ್ಟಿಬೋನು. ಒಂದು ರಾತ್ರಿ ಇಫ್ತಾರ್ ಮುಗಿದ ಮೇಲೆ ಹೋಗಿ ಗಾಳ ತೋರಿಸಿದಾಗ ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಹುಡುಕಿದರು.

"ಇದೆಂತ ಮಾರಾಯ್ರೆ! ಇದರಲ್ಲಿ ಮೀನು ಹಿಡಿಯುವುದಾ, ಸೊಳ್ಳೆ ಹಿಡಿಯುವುದಾ?"

"ಟ್ರೌಟ್ ಮೀನು ಹಾಜಿಯವ್ರೆ. ಇದೇ ಸೈಜಿಂದು ಬೇಕು."

"ನಮ್ಮ ಇಲ್ಲಿಯ ಹಮೂರ್ ಮೀನು ಇದನ್ನು ನೋಡಿದರೆ ಹಲ್ಲಿಗೆ ಕಡ್ಡಿ ಹಾಕ್ಲಿಕ್ಕೆ ಕೊಟ್ಟದ್ದು ಅಂತ ತಿಳ್ಕೊಳ್ತದೆ," ಎಂದು ನಕ್ಕು, ಆದರೂ ತರಿಸಿಕೊಡುತ್ತೇನೆಂದರು. ನಾನು ಮುಂದಿನದನ್ನೂ ಕೇಳಿಬಿಟ್ಟೆ. ಒಂದು ಹುಂಜದ ಕತ್ತಿನ ಗರಿ ಬೇಕು. ಕಂದು ಬಣ್ಣದ್ದೇ ಆಗಬೇಕು. ಕತ್ತಿನದ್ದೇ ಆಗಬೇಕು, ರೆಕ್ಕೆಯದ್ದು ಆಗದು.

ಹಾಜಿಯವರ ಮುಖದ ನಗು ಹೋಯಿತು. ಅಂಗಡಿಯಲ್ಲಿದ್ದ ಗಿರಾಕಿ ಹೋಗುವವರೆಗೆ ಕಾದು, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಸುಲೈಮಾನಿ ಚಾ ಕೊಟ್ಟರು.

"ನೋಡಿ, ನಾನು ನಿಮ್ಮ ಅಣ್ಣನ ಹಾಗೆ," ಎಂದರು ಮೆಲ್ಲ. "ಮನೆಯಲ್ಲಿ ಎಂತ ಕಷ್ಟ ಉಂಟು? ಯಾರು ಹೇಳಿದ್ದು ನಿಮಗೆ ಈ ಕೋಳಿ, ಗರಿ, ಅದೂ ಇದೂ? ಊರಿಂದ ಯಾರಾದ್ರೂ ಮಂತ್ರವಾದಿ ಫೋನಲ್ಲಿ ಹೇಳ್ತಿದ್ದಾನಾ?"

"ಅಯ್ಯೋ ಹಾಜಿಯವ್ರೆ, ಮಾಟ ಅಲ್ಲ! ನೊಣ ಕಟ್ಟುವುದಕ್ಕೆ!"

"ನೊಣ ಕಟ್ಟುವುದಾ!" ಅವರು ಇನ್ನೂ ಗಾಬರಿಯಾದರು. "ಅದು ಯಾವ ಕಡೆಯ ಮಾಟ?"

ಜೇಬಿನಿಂದ ಮಾದರಿ ತೆಗೆದು ತೋರಿಸಿ, ಮೊಬೈಲಿನಲ್ಲಿ ವೀಡಿಯೊ ಹಾಕಿ, ಒಬ್ಬ ಬಿಳಿಯ ಹೊಳೆಯಲ್ಲಿ ನಿಂತು ಇಂಥದ್ದರಿಂದ ಮೀನೆತ್ತುವುದನ್ನು ತೋರಿಸಬೇಕಾಯಿತು. ಹಾಜಿಯವರು ವೀಡಿಯೊವನ್ನು ಇನ್ನೊಮ್ಮೆ ಹಾಕಿಸಿದರು. ಮತ್ತೊಮ್ಮೆ ಹಾಕಿಸಿದರು. ಕೊನೆಗೆ, "ಅವ ಮೀನನ್ನು ವಾಪಸ್ ನೀರಿಗೆ ಯಾಕೆ ಬಿಟ್ಟದ್ದು? ಸಣ್ಣದಾಯಿತಾ?" ಎಂದು ಕೇಳಿದರು. ಅವತ್ತಿನಿಂದ ಅವರಿಗೂ ಹುಚ್ಚು ಹಿಡಿಯಿತು. ಮುಂದಿನ ವಾರ ಕೋಳಿ ಅಂಗಡಿಯಿಂದ ಒಂದು ಮೂಟೆ ಗರಿ ತರಿಸಿಟ್ಟಿದ್ದರು. ಅರ್ಧ ಬಿಳಿ, ಅರ್ಧ ಬಾತುಕೋಳಿಯದು, ಆದರೂ ಹುಡುಕಿದರೆ ನನಗೆ ಬೇಕಾದ್ದು ಸ್ವಲ್ಪ ಸಿಕ್ಕಿತು.

ಇಷ್ಟರಲ್ಲಿ ಆಫೀಸಿನಲ್ಲಿ ಒಂದು ಅನಾಹುತವಾಯಿತು. ಮ್ಯಾನೇಜರರು ತಮ್ಮ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಜಿಂಕೆಚರ್ಮದ ತುಂಡಿಗೆ ಹುಳ ಬಿದ್ದು ಕೂದಲೆಲ್ಲ ಪುಡಿಯಾಗಿತ್ತು. ನಕಲಿ ಹುಳದ ಸಾಮಾನನ್ನು ಅಸಲಿ ಹುಳ ತಿಂದು ಹೋಗಿತ್ತು. ಅಷ್ಟು ದೊಡ್ಡ ಮನುಷ್ಯ ಡ್ರಾಯರಿನ ಮುಂದೆ ಸಾವಿನ ಮನೆಯಲ್ಲಿ ನಿಂತ ಹಾಗೆ ನಿಂತಿದ್ದರು. ಜಿಂಕೆಯ ಕೂದಲು ಒಳಗೆ ಟೊಳ್ಳಂತೆ, ಅದಕ್ಕೇ ನೀರಿನ ಮೇಲೆ ತೇಲುತ್ತದಂತೆ. ಅವರಿಗೆ ಊರಿನಿಂದ ತರಿಸಲು ಬಹಳ ದಿನ ಬೇಕು.

"ಇಲ್ಲಿ ಒಂಟೆ ಉಂಟಲ್ಲ ಸರ್," ಎಂದೆ, ಸಮಾಧಾನಕ್ಕೆ.

ಅವರು ತಿರುಗಿ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ನನ್ನ ಬಗ್ಗೆ ಮರ್ಯಾದೆ ಕಂಡದ್ದು ಅದೇ ಮೊದಲು.

ಶುಕ್ರವಾರ ನಮಾಜು ಮುಗಿಸಿ ಹಾಜಿಯವರು ತಮ್ಮ ಪಿಕಪ್ ತಂದರು. ಇಬ್ಬರೂ ಒಂದು ಒಂಟೆ ಫಾರ್ಮಿಗೆ ಹೋದೆವು. ಒಂಟೆಗೆಂದು ಹಾಜಿಯವರು ಒಂದು ಪೆಟ್ಟಿಗೆ ಖರ್ಜೂರ ಹಿಡಿದಿದ್ದರು. ನೋಡಿಕೊಳ್ಳುವವನು ರಾಜಸ್ಥಾನದ ಕಡೆಯವನು. ಹಾಲಿಗೆ ಬಂದವರೆಂದು ತಿಳಿದು ಪಾತ್ರೆ ಎತ್ತಿಕೊಂಡ.

"ದೂಧ್ ನಹೀಂ ಭಾಯಿ, ಬಾಲ್ ಚಾಹಿಯೇ," ಎಂದೆ. ಹಾಲಲ್ಲ, ಕೂದಲು ಬೇಕು.

ಅವನು ನನ್ನ ಬೋಳುತಲೆಯನ್ನು ಒಮ್ಮೆ ನೋಡಿದ. ಏನು ಅರ್ಥ ಮಾಡಿಕೊಂಡನೋ, ಬಹಳ ಮರುಕದಿಂದ, "ಇಸ್‌ಸೇ ನಹೀಂ ಉಗೇಗಾ ಸಾಬ್," ಎಂದ. ಇದರಿಂದ ಬೆಳೆಯುವುದಿಲ್ಲ. ಹಾಜಿಯವರು ನಕ್ಕ ನಗುವಿಗೆ ಪೆಟ್ಟಿಗೆ ಹಿಡಿದ ಕೈ ಸಡಿಲಾಯಿತು. ಬೇಲಿಯ ಮೇಲಿಂದ ಕತ್ತು ಚಾಚಿದ ಒಂಟೆ ಪೆಟ್ಟಿಗೆಯನ್ನೇ ಎತ್ತಿಕೊಂಡು, ಖರ್ಜೂರವನ್ನೂ ಅರ್ಧ ರಟ್ಟನ್ನೂ ಅಗಿದು, ನಮ್ಮನ್ನು ಕಡೆಗಣ್ಣಿನಲ್ಲಿ ನೋಡುತ್ತಾ ನಿಂತಿತು. ಅದು ತಿನ್ನುವುದರಲ್ಲಿ ಮುಳುಗಿದ್ದಾಗ ನೋಡಿಕೊಳ್ಳುವವನು ಅದರ ಹೆಗಲಿನಿಂದ ಒಂದು ಮುಷ್ಟಿ ಕೂದಲು ಕತ್ತರಿಸಿ ಕೊಟ್ಟ. ಬಣ್ಣವೇನೋ ಅಪ್ಪಟ ಕ್ಯಾಡಿಸ್ಸಿನದು.

ನಾನು ಮನೆಯಲ್ಲಿ ಅದರಿಂದ ಕಟ್ಟಿದ ನೊಣಗಳನ್ನು ತಂದು ಆಫೀಸಿನ ವಾಶ್‌ಬೇಸಿನ್ ತುಂಬಿಸಿ ಒಂದೊಂದಾಗಿ ಬಿಟ್ಟೆ. ಮ್ಯಾನೇಜರರು ಬಗ್ಗಿ ನೋಡುತ್ತಿದ್ದರು. ಎಲ್ಲವೂ ಕಲ್ಲಿನ ಹಾಗೆ ತಳ ಸೇರಿದವು. ಕೈ ತೊಳೆಯಲು ಬಂದ ಅಕೌಂಟೆಂಟ್ ನಮ್ಮಿಬ್ಬರನ್ನು ನೋಡಿ ಹಾಗೆಯೇ ಹಿಂದೆ ಹೋದ.

"ಒಂಟೆಗೆ ಈಜು ಬರುವುದಿಲ್ಲ," ಎಂದರು ಮ್ಯಾನೇಜರರು. ತಳದಿಂದ ಒಂದನ್ನು ಎತ್ತಿ ನೋಡಿ ಮತ್ತೆ ಅಂದರು, "ಇರಲಿ, ಎಸೆಯಬೇಡ. ಕ್ಯಾಡಿಸ್ ಹಾರುವ ಮೊದಲು ತಳದಿಂದ ಮೇಲೆ ಏರುತ್ತದಲ್ಲ, ಆ ಹಂತದ ನಕಲು ಮುಳುಗಲೇಬೇಕು. ರೆಕ್ಕೆ ಗಿಡ್ಡ ಮಾಡು."

ಹಾಗೆ ಒಂಟೆಯ ನೊಣ ಹುಟ್ಟಿತು. ಈಗ ಅದನ್ನು ಎಸೆಯುವುದನ್ನು ಕಲಿಯಬೇಕು. ಅವರ ಮಂಡಿ ಹೋಗಿತ್ತು. ಹೊಳೆಯಲ್ಲಿ ನಿಲ್ಲಲು ಆಗದೆ ಬಹಳ ವರ್ಷವಾಗಿತ್ತು. ತಮ್ಮ ಗಾಳದ ಕೋಲನ್ನು ನನ್ನ ಕೈಗೆ ಕೊಟ್ಟು, ಮುಹರ್ರಕ್ಕಿನ ಸಮುದ್ರ ತೀರದಲ್ಲಿ ಮಡಚುವ ಕುರ್ಚಿ ಹಾಕಿ ಕೂತು ಪಾಠ ಹೇಳಿದರು. ನೊಣಕ್ಕೆ ತೂಕವಿಲ್ಲ, ತೂಕವೆಲ್ಲ ದಪ್ಪ ನೂಲಿನದು. ಅದನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ ಬಿಡಬೇಕು. ನಾನು ಬೀಸಿದೆ. ಗಾಳಿ ವಾಪಸ್ ಬೀಸಿತು. ಅಲ್ಲಿ ಗಾಳ ಹಾಕಿಕೊಂಡು ಕೂತಿದ್ದ ಒಬ್ಬ ಬಾಂಗ್ಲಾದವನು ಬಹಳ ಹೊತ್ತು ಸಹಿಸಿ ಕೊನೆಗೆ ಹತ್ತಿರ ಬಂದ.

"ಭಾಯಿಸಾಬ್, ಮಛಲೀ ಪಾನೀ ಮೇಂ ಹೈ. ಆಸ್ಮಾನ್ ಮೇಂ ನಹೀಂ."

ಮೀನು ಆಕಾಶದಲ್ಲಿಲ್ಲ ಎಂಬುದು ನನಗೂ ಗೊತ್ತಿತ್ತು. ಅದನ್ನು ಅವನಿಗೆ ಹೇಳಲು ತಿರುಗಿದಾಗ ಪಾಠ ನೋಡಲೆಂದು ಬಂದು ಹಿಂದೆ ನಿಂತಿದ್ದ ಹಾಜಿಯವರ ಕೂಗು ಕೇಳಿತು. ಅವರ ಬಿಳಿ ಟೊಪ್ಪಿ ನನ್ನ ನೂಲಿನ ತುದಿಯಲ್ಲಿ ಗಾಳಿಪಟದಂತೆ ಹಾರಾಡುತ್ತಿತ್ತು. ಮ್ಯಾನೇಜರರು ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ನಕ್ಕು ಕಣ್ಣೊರೆಸಿಕೊಂಡರು. ವರ್ಕ್‌ಶಾಪಿನಲ್ಲಿ ಅಷ್ಟು ವರ್ಷ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

ಜಿಂಜ್‌ನಲ್ಲಿ ನಮ್ಮ ಕಟ್ಟಡದವರೆಲ್ಲ ಜಾರ್ಜಿಯಾ ದೇಶಕ್ಕೆ ಹೋಗಿ ಹಿಮದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬಂದಿದ್ದರು. ಹೆಂಡತಿ ಎಷ್ಟೋ ಸಲ ಕೇಳಿದ್ದಳು, ನಾನು ಎಷ್ಟೋ ಸಲ ತಪ್ಪಿಸಿಕೊಂಡಿದ್ದೆ. ಈ ಸಲ ಈದ್ ರಜೆಗೆ ಅವಳು ಬಾಯಿ ತೆರೆಯುವ ಮೊದಲೇ ನಾನು, "ಜಾರ್ಜಿಯಾಕ್ಕೆ ಹೋಗುವನಾ?" ಎಂದೆ.

ಅವಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. "ಅಲ್ಲಿ ಹೊಳೆ ಉಂಟಾ?"

"ಎಲ್ಲ ದೇಶದಲ್ಲೂ ಹೊಳೆ ಇರ್ತದಲ್ಲ."

"ಬಹ್ರೇನಲ್ಲಿ ಇಲ್ಲ," ಎಂದಳು. ಆದರೂ ಒಪ್ಪಿದಳು. ಮರುದಿನದಿಂದಲೇ ಸ್ವೆಟರ್ ಹುಡುಕತೊಡಗಿದಳು.

ಹೊರಡುವ ಮುನ್ನ ಮ್ಯಾನೇಜರರು ಕೋಲಿನ ಜೊತೆ ತಮ್ಮ ರಬ್ಬರಿನ ಉದ್ದ ಪ್ಯಾಂಟನ್ನೂ ಕೊಟ್ಟರು, ಬೂಟು ಸಮೇತ ಎದೆಯವರೆಗೆ ಬರುವಂಥದ್ದು. ಒಂದು ಮಾತನ್ನೂ ಕೇಳಿಕೊಂಡರು. "ನೋಡಿದ್ದೆಲ್ಲವನ್ನೂ ಬಂದು ಹೇಳು. ನೀರಿನ ಬಣ್ಣ, ಕಲ್ಲು, ಎಲ್ಲ. ಬಿಡಬೇಡ. ಮತ್ತೆ, ಮೀನು ಸಿಕ್ಕಿದರೆ ವಾಪಸ್ ನೀರಿಗೆ ಬಿಟ್ಟುಬಿಡು. ನಾನು ಯಾವಾಗಲೂ ಬಿಡುತ್ತಿದ್ದೆ." ಆಗಲಿ ಸರ್ ಎಂದೆ. ಮೀನು ಸಿಗುವುದೆಂಬ ನಂಬಿಕೆ ಇಬ್ಬರಿಗೂ ಇರಲಿಲ್ಲವಾದ್ದರಿಂದ ಮಾತು ಕೊಡುವುದು ಸುಲಭವಾಗಿತ್ತು.

ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ ಮನೆಯಂಥ ಲಾಡ್ಜಿನಲ್ಲಿ ಇಳಿದುಕೊಂಡೆವು. ಅದರ ಯಜಮಾನ ಹೊಟ್ಟೆ ದೊಡ್ಡದಾದ, ಮೀಸೆ ಅದಕ್ಕಿಂತ ದೊಡ್ಡದಾದ ಮನುಷ್ಯ. ಹೊಳೆಗೆ ಕರೆದುಕೊಂಡು ಹೋಗುವವನೂ ಅವನೇ. ಅವನಿಗೆ ಬರುತ್ತಿದ್ದ ಇಂಗ್ಲಿಷ್ "ಗುಡ್", "ನೋ ಗುಡ್" ಮತ್ತು "ಈಟ್" ಇಷ್ಟೇ. ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ನಾನು ರಬ್ಬರಿನ ಪ್ಯಾಂಟಿನೊಳಗೆ ಇಳಿದೆ. ಮ್ಯಾನೇಜರರ ಎದೆಯವರೆಗೆ ಬರುವ ಪ್ಯಾಂಟು ನನಗೆ ಗಲ್ಲದವರೆಗೆ ಬಂತು. ಹೆಂಡತಿ ನೋಡಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು.

"ಗೋಣಿಯಲ್ಲಿ ಕಟ್ಟಿ ಬಿಡಲಿಕ್ಕೆ ತಂದ ಬೆಕ್ಕಿನ ಹಾಗೆ ಕಾಣ್ತೀರಿ," ಎಂದಳು, ನಗುವಿನ ನಡುವೆ ಉಸಿರು ಸಿಕ್ಕಿದಾಗ. ಯಜಮಾನನೂ ನನ್ನನ್ನು ಸುತ್ತು ಬಂದು ನೋಡಿ, "ನೋ ಗುಡ್," ಎಂದ.

ನೀರು ತಿಳಿ ಹಸಿರು. ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಒಂದು ಕಲ್ಲನ್ನು ಎತ್ತಿ ತಿರುಗಿಸಿದೆ. ಅದರ ಅಡಿಯಲ್ಲಿ, ಮರಳಿನ ಕಣ ಅಂಟಿಸಿ ಕಟ್ಟಿದ ಸಣ್ಣ ಸಣ್ಣ ಕೊಳವೆಗಳು. ಒಂದರ ತುದಿಯಿಂದ ಕಪ್ಪು ತಲೆಯೊಂದು ಹೊರಗೆ ಬಂದು, ನನ್ನನ್ನು ಕಂಡು ಒಳಗೆ ಹೋಯಿತು. ಇಷ್ಟು ದಿನ ಹೆಸರು ಹೇಳಿಕೊಂಡು ಓಡಾಡಿದ ಹುಳವನ್ನು ನಾನು ಜೀವಂತವಾಗಿ ನೋಡಿದ್ದು ಆಗಲೇ. ಊರಿನಲ್ಲಿ ಹತ್ತಿರದ ನೆಂಟರನ್ನು ಬಹಳ ಕಾಲದ ಮೇಲೆ ಕಂಡ ಹಾಗೆ ಸಂತೋಷವಾಯಿತು. ಹೆಂಡತಿಯನ್ನು ಕರೆದು ತೋರಿಸಿದೆ. "ಇದಾ? ಇದಕ್ಕಾ ನನ್ನ ನೈಲ್ ಪಾಲಿಷ್ ಹೋದದ್ದು?" ಎಂದಳು. ಆದರೆ ಬೇಗ ಎದ್ದು ಹೋಗಲಿಲ್ಲ, ಬಗ್ಗಿ ನೋಡುತ್ತಲೇ ಇದ್ದಳು.

ಆಮೇಲೆ ನಾನು ಬೀಸಿದೆ. ಬೆಳಿಗ್ಗೆಯೆಲ್ಲ ಬೀಸಿದೆ. ಎದುರು ದಂಡೆಯ ಮರ ಹಿಡಿದೆ, ಹಿಂದಿನ ಪೊದೆ ಹಿಡಿದೆ, ನನ್ನದೇ ಪ್ಯಾಂಟಿನ ಪಟ್ಟಿ ಹಿಡಿದೆ. ಮೀನುಗಳು ನನ್ನ ಬೂಟಿನ ಪಕ್ಕದಲ್ಲೇ ಓಡಾಡುತ್ತಿದ್ದವು. ತೇಲುವ ನೊಣಗಳೆಲ್ಲ ಮರದ ಪಾಲಾದ ಮೇಲೆ ಪೆಟ್ಟಿಗೆಯಲ್ಲಿ ಉಳಿದದ್ದು ಒಂಟೆಯದು ಮಾತ್ರ. ಅದನ್ನೇ ಕಟ್ಟಿ ಎರಡು ಸಲ ಬೀಸುವುದರೊಳಗೆ ಪ್ಯಾಂಟಿನೊಳಗೆ ನೀರು ಹೊಕ್ಕಂತೆನಿಸಿತು. ಗಲ್ಲದವರೆಗೆ ರಬ್ಬರ್ ಇದ್ದರೂ ಎಲ್ಲಿಂದ ಹೊಕ್ಕಿತೋ ದೇವರೇ ಬಲ್ಲ. ಮಂಡಿ ಮರಗಟ್ಟಿತು. ದಂಡೆಗೆ ಬಂದು ಕೋಲನ್ನು ಹೆಂಡತಿಯ ಕೈಗೆ ಕೊಟ್ಟೆ. "ಸ್ವಲ್ಪ ಹಿಡ್ಕೊ, ಇದನ್ನು ಕಳಚಿ ಬರ್ತೇನೆ."

ಅವಳು ಹಿಡಿದುಕೊಂಡಳು. ಕೊಡೆ ಹಿಡಿದ ಹಾಗೆ ಹಿಡಿದಿದ್ದಳು. ನೂಲು ಕಾಲ ಬುಡದ ಮಡುವಿಗೆ ಜಾರಿ ನೊಣ ತಳ ಸೇರಿತು. ಯಜಮಾನ ನನ್ನ ಬೂಟು ಹಿಡಿದು ಎಳೆಯುತ್ತಿದ್ದ, ನಾನು ಅಂಗಾತ ಬಿದ್ದು ಒಂದು ಪೊದೆ ಹಿಡಿದುಕೊಂಡಿದ್ದೆ. ಅವಳಿಗೆ ಕೈ ನೋವು ಬಂತಂತೆ. ಕೋಲನ್ನು ಇನ್ನೊಂದು ಕೈಗೆ ಬದಲಿಸಲೆಂದು ಮೆಲ್ಲ ಮೇಲೆತ್ತಿದಳು.

"ರೀ! ಇದು ಎಳೀತದೆ!"

"ಕಲ್ಲಿಗೆ ಸಿಕ್ಕಿರ್ಬೇಕು!"

"ಕಲ್ಲು ಆ ಕಡೆ ಈ ಕಡೆ ಓಡ್ತದಾ?"

ಒಂದು ಕಾಲು ರಬ್ಬರಿನೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಾನು ಕುಂಟುತ್ತಾ ಓಡಿದೆ. ಎಳೆ, ಬಿಡು, ಮೇಲೆತ್ತು, ಕೆಳಗಿಳಿಸು ಎಂದು ವೀಡಿಯೊದಲ್ಲಿ ಕಲಿತದ್ದನ್ನೆಲ್ಲ ಒಟ್ಟಿಗೆ ಕೂಗಿದೆ. ಅವಳು ಒಂದನ್ನೂ ಕೇಳದೆ ಹಿಂದಕ್ಕೆ ನಡೆದಳು. ಮೀನನ್ನು ದಂಡೆಯ ಹುಲ್ಲಿನ ಮೇಲೆ ಎಳೆದುಕೊಂಡು, ಇನ್ನೂ ಎರಡು ಹೆಜ್ಜೆ ಹೋಗಿ ನಿಂತಳು. ಬೆಳ್ಳಿಯ ಮೈ ಮೇಲೆ ಕೆಂಪು ಚುಕ್ಕೆ. ಬಾಯಿಯ ಮೂಲೆಯಲ್ಲಿ ಬಹ್ರೇನಿನ ಒಂಟೆ. ಯಜಮಾನ ಟೊಪ್ಪಿ ತೆಗೆದು ಅವಳಿಗೆ ತಲೆ ಬಾಗಿ, "ಮದಾಮ್, ಗುಡ್! ವೆರಿ ಗುಡ್!" ಎಂದ. "ವೆರಿ" ಎಂಬುದೂ ಅವನಿಗೆ ಗೊತ್ತಿತ್ತು. ನನಗಾಗಿ ಬಳಸುವ ಸಂದರ್ಭ ಬಂದಿರಲಿಲ್ಲ ಅಷ್ಟೇ.

ಅವಳು ಚೀಲದಿಂದ ಆರ್ಟರಿ ಫೋರ್ಸೆಪ್ಸ್ ಎಂಬ ಆಪರೇಷನ್ನಿನ ಇಕ್ಕಳ ತೆಗೆದಳು. ರಜೆಗೆ ಹೋಗುವಾಗ ಅದನ್ನು ಯಾಕೆ ತಂದಿದ್ದಳು ಎಂದು ನಾನು ಕೇಳಲಿಲ್ಲ. ಗಾಳವನ್ನು ಚುಟುಕಾಗಿ ಬಿಡಿಸಿದಳು. ಆಗ ನನಗೆ ಮಾತು ಕೊಟ್ಟದ್ದು ನೆನಪಾಯಿತು.

"ಇದನ್ನು ವಾಪಸ್ ಬಿಡಬೇಕು," ಎಂದೆ.

"ಎಂತ?"

"ಸರ್‌ಗೆ ಮಾತು ಕೊಟ್ಟಿದ್ದೇನೆ. ಹಿಡಿದು ಬಿಟ್ಟುಬಿಡುವುದು."

"ನೀವು ಹಿಡಿದರೆ ಬಿಡಿ," ಎಂದಳು ಅವಳು. "ಇದು ನಾನು ಹಿಡಿದದ್ದು."

ಹೊಳೆಯ ಕಡೆ ನೋಡಿದೆ, ಯಜಮಾನನ ಕಡೆ ನೋಡಿದೆ. ಅವನಿಗೆ ನಮ್ಮ ಭಾಷೆ ಬಾರದಿದ್ದರೂ ವಿಷಯ ತಿಳಿದಿತ್ತು. ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಈಟ್," ಎಂದು ತೀರ್ಪು ಕೊಟ್ಟ. ಸಂಜೆ ಲಾಡ್ಜಿನ ಅಡುಗೆಮನೆಯಲ್ಲಿ ಹೆಂಡತಿ ಜೊತೆಗೆ ತಂದಿದ್ದ ಊರಿನ ಮೀನು ಮಸಾಲೆ ಹಚ್ಚಿ ಅದನ್ನು ಹುರಿದಳು. ಯಜಮಾನನ ಹೆಂಡತಿ ಪಕ್ಕದಲ್ಲಿ ನಿಂತು ಸೀನುತ್ತಾ ನೋಡಿದಳು. ನಾಲ್ಕು ಜನಕ್ಕೆ ಒಂದು ಮೀನು, ತಲಾ ಎರಡು ತುತ್ತು. ಯಜಮಾನನ ಕಣ್ಣಿನಲ್ಲಿ ಖಾರಕ್ಕೆ ನೀರು ಬಂದು ಮೀಸೆಗಿಳಿಯಿತು. ಅವನು ಒರೆಸಿಕೊಳ್ಳದೆ ತಿಂದ.

ಬಹ್ರೇನಿಗೆ ಬಂದ ಮೊದಲ ದಿನ ಮ್ಯಾನೇಜರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ನೀರಿನ ಬಣ್ಣ ಹೇಳಿದೆ. ಕಲ್ಲಿನಡಿಯ ಕೊಳವೆಗಳ ಬಗ್ಗೆ ಹೇಳುವಾಗ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಹೆಂಡತಿ ಕೋಲು ಎತ್ತಿದ್ದನ್ನು ಹೇಳಿದಾಗ ಕಣ್ಣು ತೆರೆದು ಮೇಜು ಗುದ್ದಿದರು.

"ಅದೇ! ತಳಕ್ಕೆ ಇಳಿಸಿ ಮೆಲ್ಲಗೆ ಎತ್ತುವುದು! ಹುಳ ಏರುವುದು ಹಾಗೆಯೇ. ಅದನ್ನು ಕಲಿಯಲಿಕ್ಕೆ ನನಗೆ ಎಷ್ಟು ವರ್ಷ ಬೇಕಾಯಿತು ಗೊತ್ತಾ? ಅವರಿಗೆ ಯಾರು ಹೇಳಿಕೊಟ್ಟದ್ದು?"

"ಕೈ ನೋವು ಬಂತಂತೆ ಸರ್."

ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಮತ್ತೆ ವಾಪಸ್ ಬಿಟ್ಟಿರಾ?" ಎಂದರು.

ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿದರು. ಕೆಲಸ ಹೋಯಿತು ಎಂದುಕೊಂಡೆ. ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಹೇಗಿತ್ತು?"

"ಯಾವುದು ಸರ್?"

"ರುಚಿ."

ಮುಂದಿನ ಶುಕ್ರವಾರ ಅವರು ಜಿಂಜ್‌ನ ನಮ್ಮ ಮನೆಗೆ ಊಟಕ್ಕೆ ಬಂದರು. ಲಿಫ್ಟಿನಿಂದ ಬಾಗಿಲಿನವರೆಗೆ ಮಂಡಿ ಹಿಡಿದುಕೊಂಡೇ ನಡೆದು ಬಂದರು. ಹಾಜಿಯವರು ಅಂಗಡಿ ಬೇಗ ಮುಚ್ಚಿ ಎರಡು ದೊಡ್ಡ ಸಾಫಿ ಮೀನು ಹಿಡಿದು ಬಂದರು. ಆ ಟ್ರೌಟ್ ಎಂಬುದು ನಮ್ಮ ಮೀನಿನ ಮುಂದೆ ಎಂತದ್ದೂ ಅಲ್ಲ ಎಂದು ತೋರಿಸುವುದು ಅವರ ಉದ್ದೇಶ. ಹೆಂಡತಿ ಮಸಾಲೆ ಅರೆದಿಟ್ಟು, ನಾನು ಹೊಸದಾಗಿ ಕಟ್ಟಿದ್ದನ್ನು ಮ್ಯಾನೇಜರರಿಗೆ ತೋರಿಸಲೆಂದು ಪೆಟ್ಟಿಗೆ ತಂದಳು. ಅವರು ಒಂದೊಂದೇ ನೋಡಿ ಸರಿಸುತ್ತಾ ಹೋದರು. ಒಂದನ್ನು ಮಾತ್ರ ಸರಿಸದೆ ಕನ್ನಡಕ ಏರಿಸಿ ದೀಪಕ್ಕೆ ಹಿಡಿದರು. ಗಂಟು ಕಾಣಿಸುತ್ತಲೇ ಇರಲಿಲ್ಲ, ರೆಕ್ಕೆ ಕತ್ತರಿಸಿಟ್ಟ ಹಾಗೆ ಸಮವಾಗಿತ್ತು.

"ಅಂತೂ ಕಲಿತೆ!" ಎಂದು ನನ್ನ ಬೆನ್ನು ತಟ್ಟಿದರು.

"ಅದು ನಾನು ಕಟ್ಟಿದ್ದು," ಎಂದಳು ಹೆಂಡತಿ. "ಮೊನ್ನೆ ಡ್ಯೂಟಿ ಇರ್ಲಿಲ್ಲ. ಇವರ ಗಂಟು ನೋಡಿ ನೋಡಿ ಸಾಕಾಯ್ತು."

ಬೆನ್ನ ಮೇಲಿದ್ದ ಕೈ ಮೆಲ್ಲಗೆ ಹಿಂದೆ ಹೋಯಿತು. ಸರ್ಜನ್ನರ ಗಂಟು ಹಾಕುವುದು ಹೇಗೆಂದು ಅವರು ಕೇಳಿದರು. ಅವಳು ಆರ್ಟರಿ ಫೋರ್ಸೆಪ್ಸ್ ತಂದು, ವೈಸನ್ನು ಊಟದ ಮೇಜಿಗೆ ಬಿಗಿದು ತೋರಿಸತೊಡಗಿದಳು. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಹಾಜಿಯವರು ಇಬ್ಬರ ಹೆಗಲ ನಡುವೆ ತಲೆ ತೂರಿಸಿ ದೀಪ ಹಿಡಿದರು.

ಮೀನು ಹುರಿಯುವ ಕೆಲಸ ನನಗೆ ಬಂತು. ಮೊದಲನೆಯ ಸುತ್ತು ಸ್ವಲ್ಪ ಸೀದು ಹೋಯಿತು, ಎರಡನೆಯದು ಚೆನ್ನಾಗಿಯೇ ಬಂತು. ತಟ್ಟೆಗೆ ಹಾಕಿ, ಈರುಳ್ಳಿ ಹೆಚ್ಚಿ, ಲಿಂಬೆ ಸೀಳಿಟ್ಟು, ತಣ್ಣಗಾಗ್ತದೆ ಬನ್ನಿ ಎಂದು ಕೂಗಿದೆ. ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಕೂಗಿದೆ.

"ಶ್!" ಎಂದರು ಹಾಜಿಯವರು, ದೀಪ ಅಲುಗದ ಹಾಗೆ. "ರೆಕ್ಕೆ ಕಟ್ತಾ ಇದ್ದಾರೆ ಮಾರಾಯ್ರೆ. ಫ್ಯಾನ್ ಸ್ವಲ್ಪ ಬಂದ್ ಮಾಡಿ."

ನಾನು ಹೋಗಿ ಫ್ಯಾನ್ ಬಂದ್ ಮಾಡಿದೆ.